ಸಹಾಯ ಬೇಕು: ಹಳೇ ಮಾರುತಿ 800ರ ಫ್ಯಾನ್ ಬೆಲ್ಟ್ ಕಿರುಚುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯ ವಿದ್ಯಾನಗರದಲ್ಲಿದ್ದೇನೆ. ಅಪ್ಪ ಕೊಟ್ಟ 2004ರ ಮಾರುತಿ 800 ಇದೆ. ಮಾರಲು ಮನಸ್ಸಿಲ್ಲ.

ಒಂದು ವಾರದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಕೀಂಯ್ ಅಂತ ಕಿರುಚುತ್ತದೆ. ಬೀದಿಯವರೆಲ್ಲ ಎದ್ದು ಕೂರುತ್ತಾರೆ! ಎರಡು ನಿಮಿಷಕ್ಕೆ ಸುಮ್ಮನಾಗುತ್ತದೆ. ಆದರೆ ಹೆಡ್‌ಲೈಟ್ ಹಾಕಿದರೆ ಮತ್ತೆ ಶುರು. ನಿನ್ನೆ ಬೆಲ್ಟ್ ಮೇಲೆ ಸ್ವಲ್ಪ ನೀರು ಚಿಮುಕಿಸಿದೆ, ಸದ್ದು ಇನ್ನೂ ಜಾಸ್ತಿಯಾಯಿತು. ಅಂದರೆ ಬೆಲ್ಟ್ ಸಡಿಲ ಅಲ್ವಾ? ಎಂಜಿನ್ ಆಫ್ ಮಾಡಿ ತಿರುಗಿಸಿ ನೋಡಿದರೆ ಒಳಮೈಯಲ್ಲಿ ಸಣ್ಣ ಬಿರುಕುಗಳೂ ಇವೆ. ಅಂಚು ಹೊಳೆಯುತ್ತಿದೆ.

ಇಲ್ಲಿನ ಒಬ್ಬ ಮೆಕ್ಯಾನಿಕ್ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಬೋಲ್ಟ್ ಸಡಿಲಿಸಿ, ರಾಡ್ ಕೊಟ್ಟು ಎಳೆದು ಬಿಗಿ ಮಾಡಿದರು. ಎರಡೇ ದಿನ ಸುಮ್ಮನಿತ್ತು. ಇನ್ನೂ ಬಿಗಿ ಮಾಡಿ ಅನ್ನೋಕೆ ನನಗೆ ಹೆದರಿಕೆ. ಅತಿ ಬಿಗಿಯಾದರೆ ಆಲ್ಟರ್ನೇಟರ್ ಬೇರಿಂಗ್, ಎಂಜಿನ್ ತಂಪು ಮಾಡುವ ನೀರು ಓಡಿಸುವ ವಾಟರ್ ಪಂಪ್‌ನ ಬೇರಿಂಗ್ ಎರಡೂ ಹೋಗಬಹುದು.

ಭಾನುವಾರ ಅಮ್ಮನನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಬೇಕು. ಈ ಗಾಡಿಯಲ್ಲಿ ವಾಟರ್ ಪಂಪ್ ತಿರುಗೋದೂ ಇದೇ ಬೆಲ್ಟ್‌ನಿಂದ. ಹೈವೇಯಲ್ಲಿ ತುಂಡಾದರೆ ಚಾರ್ಜಿಂಗ್ ನಿಲ್ಲೋದು ಇರಲಿ, ಎಂಜಿನ್ನೇ ಕಾದುಹೋಗುತ್ತದೆ.

ಹೊಸದು ಹಾಕಿಸುವುದು ಖಚಿತ. ಎಸಿ ಬೆಲ್ಟ್ ಬೇರೆ ಇದೆ, ಅದನ್ನೂ ಒಟ್ಟಿಗೆ ಬದಲಿಸಲಾ? ಎಂಜಿನ್ ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅಂತ ಅಪ್ಪನಿಗೂ ನೆನಪಿಲ್ಲ. ಪಿ.ಬಿ. ರಸ್ತೆ ಕಡೆ ಒರಿಜಿನಲ್ ಬೆಲ್ಟ್ ಸಿಗುವ ಅಂಗಡಿ, ಹಳೇ ಗಾಡಿಗೆ ತಾಳ್ಮೆಯಿಂದ ಕೈಹಾಕುವ ಮೆಕ್ಯಾನಿಕ್ ಗೊತ್ತಿದ್ದರೆ ಶನಿವಾರದೊಳಗೆ ತಿಳಿಸಿ. ಬೆಣ್ಣೆ ದೋಸೆ ನನ್ನ ಲೆಕ್ಕದಲ್ಲಿ.