ಅಪ್‌ಡೇಟ್: 'ಮಾಡ್ಲಿನ್' ಮೂಲ ಸಿಕ್ಕಿತು

ಕುಡಿದು ಗೋಳಾಡುವವರಿಗೆ ಇಂಗ್ಲಿಷಿನಲ್ಲಿ 'ಮಾಡ್ಲಿನ್' ಅನ್ನೋದು ಯಾಕೆ ಅಂತ ಕೇಳಿದ್ದೆನಲ್ಲ, ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಅದು ಬೈಬಲಿನಲ್ಲಿ ಬರುವ ಯೇಸುವಿನ ಶಿಷ್ಯೆ, ಮಗ್ದಲದ ಮರಿಯಳ (ಮೇರಿ ಮ್ಯಾಗ್ಡಲೀನ್) ಹೆಸರೇ. ಫ್ರೆಂಚ್ ದಾಟಿ ಬರುವಷ್ಟರಲ್ಲಿ ಸವೆದು ಹೀಗಾಗಿದೆ. ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜನ್ನು ಇವತ್ತಿಗೂ 'ಮಾಡ್ಲಿನ್' ಅಂತಲೇ ಕರೀತಾರೆ.

ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಾದಗಳನ್ನು ಕಣ್ಣೀರಿನಿಂದ ನೆನೆಸಿ ತಲೆಗೂದಲಿನಿಂದ ಒರೆಸಿದ ಹೆಂಗಸಿಗೆ ಹೆಸರೇ ಇಲ್ಲ. 591ರ ಸುಮಾರಿಗೆ ಪೋಪ್ ಗ್ರೆಗೊರಿ ಅವಳೇ ಮರಿಯ ಅಂದುಬಿಟ್ಟರು. ಆಮೇಲೆ ಚಿತ್ರಕಾರರು ಶತಮಾನಗಟ್ಟಲೆ ಅವಳನ್ನು ಅಳುತ್ತಲೇ ಕೂರಿಸಿದರು. ಪಾಪ, ಅವಳಿಗೂ ಹೆಂಡಕ್ಕೂ ಏನು ಸಂಬಂಧ?

1592ರಲ್ಲಿ ಇಂಗ್ಲಿಷ್ ಲೇಖಕ ಥಾಮಸ್ ನ್ಯಾಶ್ ಕುಡುಕರಲ್ಲಿ ಎಂಟು ಬಗೆ ಎಣಿಸುತ್ತಾನೆ. ಕುಡಿಯುತ್ತ ಕುಡಿಯುತ್ತ ಅಕ್ಕರೆ ಉಕ್ಕಿ ಅತ್ತು, ಪಕ್ಕದವನಿಗೆ ಮುತ್ತಿಟ್ಟು 'ನೀನಂದ್ರೆ ನಂಗೆ ಪ್ರಾಣ ಕಣೋ' ಅನ್ನುವ ಐದನೆಯವನೇ ಈ ಮಾಡ್ಲಿನ್.