ಅಪ್‌ಡೇಟ್: ಪೆಟೂನಿಯಾ ಚಿಗುರು ಮತ್ತೆ ಹಸಿರಾಗಿದೆ

ಕುಂಡದಲ್ಲಿರುವ ಪೆಟೂನಿಯಾ ಹೂಗಿಡದ ಎಳೆ ಎಲೆಗಳು ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತಿವೆ, ಯಾಕೆ ಎಂದು ಹಿಂದೆ ಪ್ರಶ್ನೆ ಕೇಳಿದ್ದೆ. ಕಾರಣ ಕಬ್ಬಿಣದ ಕೊರತೆಯೇ. ಸಾರಜನಕ ಕಮ್ಮಿಯಾಗಿದ್ದರೆ ಹಳದಿ ಬುಡದ ಹಳೆ ಎಲೆಗಳಿಂದ ಶುರುವಾಗುತ್ತಿತ್ತು, ಹಾಗಾಗಿ ಯೂರಿಯಾ ಹಾಕಲಿಲ್ಲ. ಗಡಸು ಬೋರ್‌ವೆಲ್ ನೀರಿನಿಂದ ಕುಂಡದ ಮಣ್ಣಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.4ಕ್ಕೆ ಏರಿತ್ತು, ಪೆಟೂನಿಯಾಗೆ 5.5ರಿಂದ 6.2 ಬೇಕು. ಪಿಎಚ್ ಏರಿದಷ್ಟೂ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ.

ಇಡಿಡಿಎಚ್‌ಎ ಕಬ್ಬಿಣವನ್ನು (ಹೆಚ್ಚು ಪಿಎಚ್‌ನಲ್ಲೂ ಬೇರಿಗೆ ಸಿಗುವ ಕಬ್ಬಿಣದ ಗೊಬ್ಬರ, 6% ಕಬ್ಬಿಣ) ಲೀಟರಿಗೆ ಅರ್ಧ ಗ್ರಾಂನಂತೆ ಕರಗಿಸಿ ಬುಡಕ್ಕೆ ಸುರಿದೆ. ಕಬ್ಬಿಣದ ಗೊಬ್ಬರದ ಅಗ್ಗದ ಇಡಿಟಿಎ ರೂಪ ಪಿಎಚ್ 6.5 ದಾಟಿದರೆ ಸರಿಯಾಗಿ ಕೆಲಸ ಮಾಡದು, ದಯವಿಟ್ಟು ಅದನ್ನು ತಗೊಳ್ಳಬೇಡಿ. ಇಡಿಡಿಎಚ್‌ಎಯ ಕೆಂಪು ದ್ರಾವಣ ಎಲೆ ಮೇಲೆ ಬಿದ್ದರೆ ಕೂಡಲೇ ತೊಳೆಯಿರಿ, ಇಲ್ಲದಿದ್ದರೆ ಕಲೆ ನಿಲ್ಲುತ್ತದೆ. ಹೊಸ ಚಿಗುರು ಪೂರ್ತಿ ಹಸಿರು. ಈಗ ಮಳೆನೀರು ಹಾಕುತ್ತಿದ್ದೇನೆ. ನೀರು ಬದಲಿಸದಿದ್ದರೆ ಹಳದಿ ಮರಳುತ್ತದೆ.