ಮೋಡೆಮ್ಮು, ರೂಟರ್ರು ಒಂದೇ ಡಬ್ಬಿಯಲ್ಲಿ ಸಾಕಾ? ದಾವಣಗೆರೆ ಮನೆಗಳ ವೈಫೈ ಪ್ರಶ್ನೋತ್ತರ

ಊರಿನ ಮನೆಗಳಲ್ಲಿ ನೆಟ್ ಲೈನ್ ಮತ್ತು ಕ್ಯಾಮೆರಾ ಕೆಲಸ ಮಾಡುವ ನಮ್ಮ ಗುಂಪಿನ ಸದಸ್ಯರೊಬ್ಬರು ಈ ವಾರ ಉತ್ತರ ಕೊಡುತ್ತಿದ್ದಾರೆ. ಮೋಡೆಮ್ ಅಂದರೆ ಹೊರಗಿನ ಲೈನ್‌ನಿಂದ ನೆಟ್ ತೆಗೆಯುವ ಡಬ್ಬಿ, ರೂಟರ್ ಅಂದರೆ ಅದನ್ನು ಮನೆಯೊಳಗೆ ವೈಫೈಯಾಗಿ ಹಂಚುವ ಡಬ್ಬಿ. ಪ್ರಶ್ನೆ ಇದ್ದವರು ಕೆಳಗೆ ಬರೆಯಿರಿ.

ಪ್ರಶ್ನೆ, ವಿದ್ಯಾನಗರದಿಂದ:
ನಮಸ್ಕಾರ ಸರ್. ನಮ್ಮದು 30×40 ಸೈಟಿನ ಮನೆ, ಮೇಲೊಂದು ಮಹಡಿ. ಫೈಬರ್ ನೆಟ್ ಇದೆ, 100 ಎಂಬಿಪಿಎಸ್ ಪ್ಲಾನ್. ಲೈನ್ ಹಾಕಿದವರೇ ಕೊಟ್ಟ ಬಿಳಿ ಡಬ್ಬಿ ಹಾಲ್‌ನಲ್ಲಿ ಟಿವಿ ಹಿಂದೆ ಇದೆ. ಕೆಳಗೆ ಚೆನ್ನಾಗಿ ಬರುತ್ತದೆ. ಮಗಳು ಓದುವುದು ಮೇಲಿನ ಹಿಂದಿನ ರೂಮಿನಲ್ಲಿ. ಅಲ್ಲಿ ಒಂದೇ ಕಡ್ಡಿ, ಆನ್‌ಲೈನ್ ಕ್ಲಾಸ್ ನಡುವೆಯೇ ನಿಂತುಬಿಡುತ್ತದೆ. ಅಂಗಡಿಯಲ್ಲಿ ಕೇಳಿದರೆ "ಮೋಡೆಮ್ಮು ರೂಟರ್ರು ಎರಡೂ ಒಂದರಲ್ಲೇ ಇರೋದು ತಗೊಳ್ಳಿ ಮೇಡಂ, ನಾಲ್ಕು ಆಂಟೆನಾ ಇದೆ" ಅಂದರು. ಆನ್‌ಲೈನ್‌ನಲ್ಲಿ ನೋಡಿದರೆ ಒಂದರ ಮೇಲೆ ಎಡಿಎಸ್‌ಎಲ್ ಅಂತಿದೆ, ಇನ್ನೊಂದರ ಮೇಲೆ ಎಕ್ಸ್‌ಪಾನ್ ಅಂತಿದೆ. ಯಾವುದು ತಗೊಳ್ಳಲಿ? ನಮ್ಮ ಯಜಮಾನರು ಮೂರು ಸಾವಿರದ ಮೇಲೆ ಹೋಗಬೇಡ ಅಂದಿದ್ದಾರೆ.

ಉತ್ತರ:
ನಮಸ್ಕಾರ ಅಕ್ಕಾವ್ರೇ. ಎಡಿಎಸ್‌ಎಲ್ ಅಂತ ಬರೆದಿರುವುದನ್ನು ಮುಟ್ಟಲೇಬೇಡಿ. ಅದು ಟೆಲಿಫೋನ್‌ನ ತಾಮ್ರದ ವೈರಿಗೆ ಮಾಡಿದ ಮೋಡೆಮ್. 2005ರಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಶುರುವಾದ ಕಾಲದಲ್ಲಿ ಮನೆಮನೆಗೆ ಬಂತಲ್ಲ, ಆ ಜಾತಿಯದು. ಅದರ ಹಿಂದೆ ಫೋನ್ ಪಿನ್ನಿನ ಸಣ್ಣ ತೂತು ಇರುತ್ತದೆ, ಫೈಬರ್ ಸಿಕ್ಕಿಸಲು ಜಾಗವೇ ಇರುವುದಿಲ್ಲ. ಆನ್‌ಲೈನ್‌ನಲ್ಲಿ ಅಷ್ಟು ಅಗ್ಗಕ್ಕೆ ಸಿಗುವುದು ಹಳೇ ಸ್ಟಾಕ್ ಅಂತಲೇ.

ನಿಮ್ಮ ಟಿವಿ ಹಿಂದಿರುವ ಬಿಳಿ ಡಬ್ಬಿ ಆಗಲೇ ಎರಡೂ ಸೇರಿರುವ ಡಬ್ಬಿಯೇ. ಫೈಬರ್‌ನಿಂದ ಬೆಳಕು ತಗೊಂಡು ನೆಟ್ ಮಾಡುತ್ತದೆ, ಅದೇ ವೈಫೈಯನ್ನೂ ಬಿಡುತ್ತದೆ. ಇದಕ್ಕೆ ನಾವು ಓಎನ್‌ಟಿ ಅನ್ನುತ್ತೇವೆ. ಲೈನ್ ಕೊಡುವವರಲ್ಲಿ ಕೆಲವರದು ಜಿಪಾನ್, ಕೆಲವರದು ಈಪಾನ್, ಎರಡೂ ಫೈಬರ್‌ನಲ್ಲಿ ನೆಟ್ ಕಳಿಸುವ ಪದ್ಧತಿಗಳು. ಎಕ್ಸ್‌ಪಾನ್ ಅಂದರೆ ಎರಡಕ್ಕೂ ಒಗ್ಗುವ ಡಬ್ಬಿ. ಹಾಗಂತ ಕೊಂಡು ತಂದು ಸಿಕ್ಕಿಸಿದ ತಕ್ಷಣ ನಡೆಯುವುದಿಲ್ಲ. ಪ್ರತಿ ಡಬ್ಬಿಗೂ ಒಂದು ಸೀರಿಯಲ್ ನಂಬರ್ ಇದೆ. ಅದನ್ನು ಲೈನ್ ಕೊಟ್ಟವರು ತಮ್ಮ ಕಡೆಯ ಮೆಷಿನ್ನಿನಲ್ಲಿ ಸೇರಿಸಬೇಕು. ವಿಲ್ಯಾನ್ ನಂಬರ್, ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್ ಹೀಗೆ ಲೈನ್‌ಗೆ ಲಾಗಿನ್ ಆಗುವ ವಿವರ ಎಲ್ಲ ಅವರೇ ಕೊಡಬೇಕು. ಹೊರಗಿನ ಡಬ್ಬಿ ಸೇರಿಸುವುದಿಲ್ಲ ಅನ್ನುವವರೂ ಇದ್ದಾರೆ. ಅವರನ್ನು ಕೇಳದೆ ಕೊಂಡರೆ ಡಬ್ಬಿ ಶೋಕೇಸಿಗೆ.

ನನ್ನ ಸಲಹೆ ಬೇರೆ. ನಿಮ್ಮ ಮೋಡೆಮ್ ಕೆಟ್ಟಿಲ್ಲ. ವೈಫೈ ಹೊರಡುವ ಜಾಗ ಕೆಟ್ಟದ್ದು. ಟಿವಿ ಹಿಂದೆ ಅಂದರೆ ಮುಂದೆ ಲೋಹದ ತಗಡು, ಹಿಂದೆ ಗೋಡೆ, ತಲೆ ಮೇಲೆ ಆರ್‌ಸಿಸಿ ಸ್ಲ್ಯಾಬ್. ವೈಫೈ ಎರಡು ಬ್ಯಾಂಡಿನಲ್ಲಿ, ಅಂದರೆ ಎರಡು ತರಹದ ರೇಡಿಯೋ ಅಲೆಯಲ್ಲಿ ಹೊರಡುತ್ತದೆ: 5 ಗಿಗಾಹರ್ಟ್ಸ್ ಮತ್ತು 2.4 ಗಿಗಾಹರ್ಟ್ಸ್. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಸ್ಲ್ಯಾಬ್ ದಾಟುವಾಗ ಸೊರಗಿಹೋಗುತ್ತದೆ. 2.4 ದೂರ ಹೋಗುತ್ತದೆ, ಆದರೆ ಅಕ್ಕಪಕ್ಕದ ಮನೆಯವರೆಲ್ಲ ಅದರಲ್ಲೇ ಇರುತ್ತಾರೆ. ಅದರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಆಂಟೆನಾ ಲೆಕ್ಕ ಹಾಕಿ ರೂಟರ್ ಕೊಳ್ಳುವುದು ಕೊಂಬು ನೋಡಿ ಎತ್ತು ಕೊಂಡ ಹಾಗೆ.

ಹಾಗಾಗಿ ಹಳೇ ಡಬ್ಬಿ ಇದ್ದಲ್ಲೇ ಇರಲಿ. ಅದರಿಂದ ಒಂದು ಲ್ಯಾನ್ ವೈರ್ ಮೇಲಿನ ಮಹಡಿಗೆ ಎಳೆಸಿ. ಅಲ್ಲಿ ಮೆಟ್ಟಿಲು ಮುಗಿಯುವ ಕಡೆ ಒಂದು ಡ್ಯುಯಲ್ ಬ್ಯಾಂಡ್ (ಎರಡೂ ಬ್ಯಾಂಡ್ ಇರುವ) ರೂಟರ್ ಇಟ್ಟು, ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿಸಿ, ಅಂದರೆ ಅದು ಕೆಳಗಿನ ಡಬ್ಬಿಯ ನೆಟ್ಟನ್ನೇ ವೈಫೈಯಾಗಿ ಬಿಡುತ್ತದೆ. ಮೋಡೆಮ್ ಇಲ್ಲದ ಬರೀ ರೂಟರ್ ಆದ್ದರಿಂದ ಯಜಮಾನರು ಹೇಳಿದ ದುಡ್ಡಿನೊಳಗೇ ಮುಗಿಯುತ್ತದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟರೆ ಮನೆಯೊಳಗೆ ಓಡಾಡುವಾಗ ಫೋನು ತಾನಾಗಿ ಹತ್ತಿರದ್ದನ್ನು ಹಿಡಿಯುತ್ತದೆ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಡಬ್ಬಿಯ ತಳದಲ್ಲಿ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ 192.168.1.1 ತರಹದ ವಿಳಾಸ ಮತ್ತು ಲಾಗಿನ್ ಇರುತ್ತದೆ. ಫೋನಿನ ಬ್ರೌಸರ್‌ನಲ್ಲಿ ತೆರೆದು, ಸ್ಟೇಟಸ್ ಒಳಗೆ ಪಾನ್ ಅಥವಾ ಆಪ್ಟಿಕಲ್ ಅಂತಿರುವ ಕಡೆ "ಆರ್‌ಎಕ್ಸ್ ಪವರ್" (ಡಬ್ಬಿಗೆ ತಲುಪುವ ಬೆಳಕಿನ ಬಲ) ಎಷ್ಟಿದೆ ನೋಡಿ ಇಲ್ಲಿ ಹಾಕಿ.

ವಿದ್ಯಾನಗರದಿಂದ:
ಸರ್, ಮಗಳು ನೋಡಿದಳು. ಆರ್‌ಎಕ್ಸ್ ಪವರ್ −26.4 ಡಿಬಿಎಂ ಅಂತ ತೋರಿಸುತ್ತಿದೆ. ಒಂದೊಂದು ಸಲ ರಾತ್ರಿ ಕೆಂಪು ದೀಪ ಬಂದು ಹೋಗುತ್ತದೆ, ಅದನ್ನು ಹೇಳುವುದು ಮರೆತಿದ್ದೆ.

ಉತ್ತರ:
ಹಾಗಾದರೆ ರೂಟರ್ ಆಮೇಲೆ, ಮೊದಲು ಲೈನ್. ಡಿಬಿಎಂ ಅಂದರೆ ಬೆಳಕಿನ ಬಲದ ಅಳತೆ, ಮೈನಸ್ ಸಂಖ್ಯೆ ದೊಡ್ಡದಾದಷ್ಟು ಬೆಳಕು ಕಡಿಮೆ. ಈ ಡಬ್ಬಿಗಳು ಸಾಮಾನ್ಯವಾಗಿ −27ರ ತನಕ ಹಿಡಿಯುತ್ತವೆ. −20ರ ಆಸುಪಾಸು ಇದ್ದರೆ ಆರಾಮ. −25 ದಾಟಿದರೆ ನಾನು ಲೈನ್‌ನವರಿಗೆ ಫೋನ್ ಮಾಡಿಸುತ್ತೇನೆ. ಪ್ರತಿ 3 ಡಿಬಿ ಇಳಿದರೆ ಬೆಳಕು ಅರ್ಧ ಆಯಿತು ಅಂತ ಲೆಕ್ಕ. ನಿಮ್ಮದು ಅಂಚಿನಲ್ಲಿ ನಿಂತಿದೆ. ಕೆಂಪು ದೀಪ ಎಲ್‌ಒಎಸ್ ಅಂತ ಬರೆದದ್ದರ ಮೇಲಾದರೆ ಬೆಳಕು ಪೂರ್ತಿ ತಪ್ಪಿತು ಅಂತ. ಕ್ಲಾಸ್ ನಿಲ್ಲುವುದಕ್ಕೆ ಇದೂ ಒಂದು ಕಾರಣ ಇರಬಹುದು. ಹತ್ತು ಸಾವಿರದ ರೂಟರ್ ತಂದರೂ ಇದು ಸರಿಯಾಗುವುದಿಲ್ಲ.

ಟಿವಿ ಹಿಂದೆ ಕೈ ಹಾಕಿ ನೋಡಿ. ತೆಳ್ಳಗಿನ ಫೈಬರ್ ವೈರು ಸ್ಟ್ಯಾಂಡಿಗೂ ಗೋಡೆಗೂ ನಡುವೆ ಸಿಕ್ಕಿ ಮಡಚಿಕೊಂಡಿದೆಯಾ? ಟ್ಯಾಗ್ ಹಾಕಿ ಬಿಗಿಯಾಗಿ ಕಟ್ಟಿದ್ದಾರಾ? ಫೈಬರ್ ಮುರಿಯಬೇಕಂತಿಲ್ಲ, ಗಟ್ಟಿ ಬಾಗಿದರೂ ಬೆಳಕು ಸೋರಿಹೋಗುತ್ತದೆ. ಮಡಿಕೆ ಬಿಡಿಸಿ, ದೊಡ್ಡ ಸುತ್ತಾಗಿ ಸಡಿಲ ಬಿಡಿ. ಆಮೇಲೆ ಆ ಸಂಖ್ಯೆ ಮತ್ತೆ ನೋಡಿ. ಪಿನ್ನಿನ ಬಣ್ಣವನ್ನೂ ಗಮನಿಸಿ. ಹಸಿರು ಪಿನ್ನಿನ ತುದಿ ಓರೆಯಾಗಿ ಉಜ್ಜಿದ್ದು, ನೀಲಿಯದು ನೇರ. ಯಾರೋ ಒಂದಕ್ಕೆ ಇನ್ನೊಂದನ್ನು ಸಿಕ್ಕಿಸಿದ್ದರೆ ಅಲ್ಲೇ ಬೆಳಕು ಕಳೆದುಹೋಗುತ್ತದೆ. ಪಿನ್ ಬಿಚ್ಚಿದರೆ ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ, ಆದರೂ ಇರುತ್ತದೆ. ಬೆರಳಿನಿಂದಲೂ ಒರೆಸಬೇಡಿ.

ಮನೆಯೊಳಗೆ ಎಲ್ಲ ಸರಿಯಿದ್ದೂ −26 ಇದ್ದರೆ ತೊಂದರೆ ಕಂಬದ ಕಡೆಯದು. ಜಾಯಿಂಟ್ ಹಳೆಯದಾಗಿರುತ್ತದೆ, ಇಲ್ಲ ಒಂದೇ ಎಳೆಯನ್ನು ಜಾಸ್ತಿ ಮನೆಗಳಿಗೆ ಹಂಚಿರುತ್ತಾರೆ. "ನೆಟ್ ಸ್ಲೋ" ಅಂತ ದೂರು ಕೊಟ್ಟರೆ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. "ಪವರ್ −26.4 ಇದೆ, ಎಲ್‌ಒಎಸ್ ಬರುತ್ತಿದೆ" ಅನ್ನಿ. ಆಗ ಮೀಟರ್ ಹಿಡಿದುಕೊಂಡೇ ಬರುತ್ತಾರೆ.

ಪ್ರಶ್ನೆ, ನಿಟ್ಟುವಳ್ಳಿಯಿಂದ:
ಅಣ್ಣಾ, ನಮ್ಮದು ಎರಡು ರೂಮಿನ ಬಾಡಿಗೆ ಮನೆ. ಹೊಸ ಕನೆಕ್ಷನ್ ತಗೊಳ್ಳುತ್ತಿದ್ದೇವೆ. ನಮಗೂ ಎರಡು ಡಬ್ಬಿ ಬೇಕಾ?

ಉತ್ತರ:
ಬೇಡ ತಮ್ಮಾ. ಒಂದೇ ಡಬ್ಬಿ ಸಾಕು, ಅದನ್ನೇ ಲೈನ್‌ನವರಿಂದ ತಗೊಳ್ಳಿ. ಡ್ಯುಯಲ್ ಬ್ಯಾಂಡ್ ಕೊಡಿ ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ 2.4 ಮಾತ್ರ ಇರುವ ಹಳೇ ಡಬ್ಬಿ ತಂದು ಹಚ್ಚಿಬಿಡುತ್ತಾರೆ. ಡಬ್ಬಿಯ ದುಡ್ಡು ಬಾಡಿಗೆಯಾ, ಡೆಪಾಸಿಟ್ಟಾ, ಪೂರ್ತಿ ನಿಮ್ಮದಾ ಅನ್ನುವುದು ರಸೀದಿಯಲ್ಲಿ ಬರಲಿ. ಬಾಡಿಗೆ ಮನೆ ಬಿಡುವಾಗ ಜಗಳ ಆಗುವುದು ಇಲ್ಲೇ.

ಲೈನ್ ಯಾವ ತರಹದ್ದು ಅಂತಲೂ ನೋಡಿ. ಕೆಲವು ಕಡೆ ಕಂಬದಿಂದ ಫೈಬರ್ ಬದಲು ದಪ್ಪನೆಯ ಲ್ಯಾನ್ ವೈರನ್ನೇ ಮನೆಗೆ ಎಳೆದಿರುತ್ತಾರೆ. ಹಾಗಿದ್ದರೆ ನಿಮಗೆ ಮೋಡೆಮ್ಮೇ ಬೇಡ, ಬರೀ ರೂಟರ್ ಸಾಕು.

ಪ್ರಶ್ನೆ, ಎಂಜಿನಿಯರಿಂಗ್ ವಿದ್ಯಾರ್ಥಿ:
ಸರ್, ವೈಫೈ 6 ತಗೊಂಡರೆ ಒಳ್ಳೆಯದಲ್ವಾ? ಎಎಕ್ಸ್3000 ಅಂದರೆ 3000 ಎಂಬಿಪಿಎಸ್ ಬರುತ್ತದಾ?

ಉತ್ತರ:
ಬರುವುದಿಲ್ಲ. 2.4ರಲ್ಲಿ 574, 5ರಲ್ಲಿ 2402, ಎರಡನ್ನೂ ಕೂಡಿಸಿ 3000 ಅಂತ ಡಬ್ಬಿಯ ಮೇಲೆ ಬರೆಯುತ್ತಾರೆ. ಎಸಿ1200 ಅನ್ನುವುದೂ ಹಾಗೇ, 300 ಮತ್ತು 867. ಎಲ್ಲ ಕಾಗದದ ಲೆಕ್ಕ, ಕೈಗೆ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಪ್ಲಾನ್ 100 ಇದ್ದರೆ ನಿಮಗೆ ಹೊರಗಿನಿಂದ ಬರುವುದು 100ಷ್ಟೇ.

ಆದರೂ ಹೊಸದಾಗಿ ಕೊಳ್ಳುವುದಾದರೆ ವೈಫೈ 5ರ ಮುಂದಿನ ಪೀಳಿಗೆಯಾದ ವೈಫೈ 6 ತಗೊಳ್ಳಿ ಅಂತಲೇ ಹೇಳುತ್ತೇನೆ. ವೇಗಕ್ಕಲ್ಲ. ಮನೆಯಲ್ಲಿ ಹತ್ತು ಹದಿನೈದು ಸಾಮಾನು ಒಟ್ಟಿಗೆ ನೆಟ್ ಎಳೆಯುವಾಗ ಅದು ಚೆನ್ನಾಗಿ ಸಂಭಾಳಿಸುತ್ತದೆ. ವೈಫೈ 5 ಬರೀ 5 ಗಿಗಾಹರ್ಟ್ಸ್‌ಗೆ ಬಂದದ್ದು, 6 ಎರಡರಲ್ಲೂ ಇದೆ. ದುಡ್ಡಿನ ವ್ಯತ್ಯಾಸವೂ ಈಗ ಅಷ್ಟೇನಿಲ್ಲ.

ಅದಕ್ಕಿಂತ ಮುಖ್ಯ ಲ್ಯಾನ್ ಪೋರ್ಟು. ವಿವರದಲ್ಲಿ 10/100/1000 ಅಂತಿರಬೇಕು. 10/100 ಅಂತಷ್ಟೇ ಇದ್ದರೆ ನೀವು 200ರ ಪ್ಲಾನ್ ಹಾಕಿಸಿದರೂ 94–95ಕ್ಕಿಂತ ಮೇಲೆ ಹೋಗುವುದಿಲ್ಲ. ಡಬ್ಬಿ ತುಂಬ ಆಂಟೆನಾ ಇಟ್ಟು ಪೋರ್ಟಿನಲ್ಲಿ ಉಳಿತಾಯ ಮಾಡುವ ಕಂಪನಿಗಳಿವೆ, ಜೋಪಾನ.

ಒಬ್ಬ ಸದಸ್ಯರು, ಎಂಸಿಸಿ ಬಿ ಬ್ಲಾಕ್:
ಸುಮ್ನೆ ವೈರ್ ಎಳೆಸಿ ಗೋಡೆ ಯಾಕೆ ಹಾಳು ಮಾಡಿಸ್ತೀರಿ? ನಾನು ಪ್ಲಗ್ಗಿಗೆ ಹಾಕುವ ಎಕ್ಸ್‌ಟೆಂಡರ್ ತಂದೆ, ಮೇಲೆ ಫುಲ್ ಕಡ್ಡಿ ಬರುತ್ತದೆ.

ಉತ್ತರ:
ಕಡ್ಡಿ ಬರುತ್ತದೆ ಅಣ್ಣಾವ್ರೇ, ಅದು ಎಕ್ಸ್‌ಟೆಂಡರ್ ಜೊತೆಗಿನ ಕಡ್ಡಿ. ಎಕ್ಸ್‌ಟೆಂಡರ್‌ಗೆ ಕೆಳಗಿನಿಂದ ಎಷ್ಟು ಬರುತ್ತದೆ ಅನ್ನುವುದು ಫೋನಿನಲ್ಲಿ ಕಾಣುವುದಿಲ್ಲ. ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ವಾಪಸ್ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವಾಟ್ಸಾಪ್, ಯೂಟ್ಯೂಬ್‌ಗೆ ಸಾಕು, ಬಾಡಿಗೆ ಮನೆಯವರಿಗಂತೂ ಅದೇ ಸರಿ. ಕ್ಲಾಸು, ವಿಡಿಯೋ ಮೀಟಿಂಗ್ ಇರುವ ಮನೆಗೆ ನಾನು ಹಾಕುವುದಿಲ್ಲ.

ಗೋಡೆ ಒಡೆಯಬೇಕಂತೇನಿಲ್ಲ. ಡಿಶ್ ಕೇಬಲ್‌ಗೆ ಅಂತ ಟೆರೇಸಿನಿಂದ ಪೈಪ್ ಬಿಟ್ಟಿರುತ್ತಾರಲ್ಲ, ಅದರಲ್ಲೇ ಬಹಳ ಮನೆಗಳಲ್ಲಿ ದಾರಿ ಸಿಗುತ್ತದೆ. ಕರೆಂಟ್ ವೈರಿನ ಪೈಪಿನಲ್ಲಿ ಮಾತ್ರ ತೂರಿಸಬೇಡಿ. ವೈರು ಕ್ಯಾಟ್ 6 ಇರಲಿ, ಪೂರ್ತಿ ತಾಮ್ರದ್ದು. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದದ್ದು ಅರ್ಧ ಬೆಲೆಗೆ ಸಿಗುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅಂಗಡಿಗೇ ವಾಪಸ್ ಕೊಡಿ.

ಪ್ರಶ್ನೆ, ಮಂಡಿಪೇಟೆಯಿಂದ:
ಕರೆಂಟ್ ಹೋದರೆ ನೆಟ್ಟೂ ಹೋಗುತ್ತದೆ. ಮನೆಯಲ್ಲಿ ಯುಪಿಎಸ್ ಇದೆ, ಆದರೂ ಡಬ್ಬಿ ಆಫ್ ಆಗಿ ಆನ್ ಆಗುತ್ತದೆ. ಮತ್ತೆ ನೆಟ್ ಬರಲು ಮೂರ್ನಾಲ್ಕು ನಿಮಿಷ. ಲೆಕ್ಕದ ಕೆಲಸ ನಡುವೆ ನಿಂತುಹೋಗುತ್ತದೆ. ಹೊಸ ರೂಟರ್ ತರಲಾ?

ಉತ್ತರ:
ರೂಟರ್ ತಪ್ಪಲ್ಲ ಯಜಮಾನ್ರೇ. ನಿಮ್ಮ ಯುಪಿಎಸ್ ಬ್ಯಾಟರಿಗೆ ಹೊರಳುವಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟ್ ತಪ್ಪುತ್ತದೆ. ಫ್ಯಾನಿಗೆ ಗೊತ್ತಾಗುವುದಿಲ್ಲ, ಡಬ್ಬಿಗೆ ಗೊತ್ತಾಗುತ್ತದೆ. ಬಹಳ ಯುಪಿಎಸ್‌ಗಳಲ್ಲಿ ಇದಕ್ಕೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ ಯುಪಿಎಸ್ ಮೋಡ್, ಇನ್ನೊಂದು ಕಡೆ ಇಕೋ ಅಥವಾ ನಾರ್ಮಲ್. ಯುಪಿಎಸ್ ಮೋಡ್‌ಗೆ ಹಾಕಿದರೆ ಬೇಗ ಹೊರಳುತ್ತದೆ. ಒಂದೇ ತೊಡಕು: ಬೇಸಿಗೆಯಲ್ಲಿ ವೋಲ್ಟೇಜ್ ಇಳಿದಾಗಲೂ ಅದು ಬ್ಯಾಟರಿಗೆ ಹೋಗಿಬಿಡುತ್ತದೆ.

ನಿಮಗೆ ನಾನು ಹೇಳುವುದು ಮಿನಿ ಯುಪಿಎಸ್. ಅಂಗೈಯಗಲದ ಡಬ್ಬಿ, ಅಡಾಪ್ಟರಿಗೂ ಮೋಡೆಮ್ಮಿಗೂ ನಡುವೆ ಕೂರುತ್ತದೆ. ಕೊಳ್ಳುವಾಗ ಅಡಾಪ್ಟರ್ ಮೇಲೆ ಬರೆದಿರುವುದನ್ನು ಫೋಟೋ ಹೊಡೆದುಕೊಂಡು ಹೋಗಿ. ಫೈಬರ್ ಡಬ್ಬಿಗಳು ಹೆಚ್ಚಾಗಿ 12 ವೋಲ್ಟ್, ಸಣ್ಣ ರೂಟರ್‌ಗಳು 9 ವೋಲ್ಟ್ ಇರುವುದೂ ಉಂಟು. ವೋಲ್ಟ್ ಸರಿಯಾಗಿ ಅದೇ ಇರಬೇಕು, ಆಂಪಿಯರ್ ಜಾಸ್ತಿ ಇದ್ದರೆ ನಡೆಯುತ್ತದೆ.

10,000 ಎಂಎಎಚ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಅಂದರೆ 37 ವ್ಯಾಟ್-ಅವರ್. ಅದರಲ್ಲಿ ಸ್ವಲ್ಪ ಸೋರಿಕೆ ಕಳೆಯಿರಿ. ಡಬ್ಬಿ 10 ವ್ಯಾಟ್ ತಿಂದರೆ ಸುಮಾರು ಮೂರು ಗಂಟೆ. ಬೆಸ್ಕಾಂನವರು ಬೆಳಿಗ್ಗೆಯಿಂದ ಸಂಜೆವರೆಗೆ ಲೈನ್ ಕೆಲಸ ಇಟ್ಟುಕೊಂಡ ದಿನ ಇದು ಸಾಲುವುದಿಲ್ಲ, ದಿನನಿತ್ಯಕ್ಕೆ ಸಾಕು. ಎರಡು ಡಬ್ಬಿ ಇರುವವರು ಎರಡಕ್ಕೂ ಬ್ಯಾಕಪ್ ಮಾಡಬೇಕು, ಒಂದಕ್ಕೆ ಮಾತ್ರ ಮಾಡಿ "ವೈಫೈ ಇದೆ, ನೆಟ್ ಇಲ್ಲ" ಅಂತ ಫೋನ್ ಮಾಡುವವರು ಬಹಳ.

ಫೈಬರ್ ಲೈನಿಗೆ ಕಂಬದ ಮೇಲೆ ಕರೆಂಟ್ ಬೇಕಿಲ್ಲ, ಅಲ್ಲಿ ಬೆಳಕನ್ನು ಮನೆಗಳಿಗೆ ಹಂಚುವ ಸ್ಪ್ಲಿಟರ್ ಗಾಜಿನದು. ಹಾಗಾಗಿ ಲೈನ್‌ನವರ ಆಫೀಸಿನಲ್ಲಿ ಬ್ಯಾಕಪ್ ಇದ್ದರೆ ಇಡೀ ಬೀದಿ ಕತ್ತಲಾದರೂ ನಿಮಗೆ ನೆಟ್ ಬರುತ್ತದೆ. ಕಂಬದಿಂದ ಲ್ಯಾನ್ ವೈರ್ ಬಂದಿರುವ ಮನೆಗಳಿಗೆ ಈ ಭಾಗ್ಯ ಇಲ್ಲ, ಕಂಬದ ಮೇಲೆ ನೆಟ್ ಹಂಚುವ ಸ್ವಿಚ್ ಡಬ್ಬಿಗೂ ಕರೆಂಟ್ ಬೇಕು.

ಪ್ರಶ್ನೆ, ಆಂಜನೇಯ ಬಡಾವಣೆಯಿಂದ:
ಹೊಸ ವೈಫೈ 6 ಡಬ್ಬಿ ಹಾಕಿಸಿದ ಮೇಲೆ ಗೇಟಿನ ಕ್ಯಾಮೆರಾ ಕನೆಕ್ಟ್ ಆಗುತ್ತಿಲ್ಲ. ಕ್ಯಾಮೆರಾ ಹೋಯಿತಾ ಸರ್?

ಉತ್ತರ:
ಹೋಗಿಲ್ಲ. ಅಂಥ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ 2.4 ಮಾತ್ರ ಗೊತ್ತು. ಹೊಸ ಡಬ್ಬಿ ಎರಡೂ ಬ್ಯಾಂಡಿಗೆ ಒಂದೇ ಹೆಸರು ಕೊಟ್ಟಿರುತ್ತದೆ. ಸೆಟ್ಟಿಂಗ್‌ನಲ್ಲಿ ಸ್ಮಾರ್ಟ್ ಕನೆಕ್ಟ್ ಅನ್ನುವುದನ್ನು ತೆಗೆದು, 2.4ಕ್ಕೆ ಬೇರೆ ಹೆಸರಿಡಿ. ಸೆಕ್ಯುರಿಟಿ ಕಡೆ ಬರೀ ಡಬ್ಲ್ಯುಪಿಎ3 (ಹಳೇ ಸಾಮಾನುಗಳಿಗೆ ಗೊತ್ತಿಲ್ಲದ ಹೊಸ ವೈಫೈ ಬೀಗ) ಇದ್ದರೆ ಡಬ್ಲ್ಯುಪಿಎ2/ಡಬ್ಲ್ಯುಪಿಎ3 ಅಂತ ಜೋಡಿ ಇರುವುದಕ್ಕೆ ಬದಲಿಸಿ. ಫೋನನ್ನೂ ಅದೇ 2.4 ಹೆಸರಿಗೆ ಸೇರಿಸಿಕೊಂಡು ಕ್ಯಾಮೆರಾ ಮತ್ತೆ ಜೋಡಿಸಿ. ಅಲ್ಲೇ ಇರುವಾಗ ಡಬ್ಬಿಯ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿಬಿಡಿ, ಕ್ಯಾಮೆರಾ ಇರುವ ಮನೆಯಲ್ಲಿ ಅದು ಸ್ಟಿಕ್ಕರಿನದೇ ಉಳಿಯಬಾರದು. ಆಗಲೂ ಸಿಗದಿದ್ದರೆ ಕ್ಯಾಮೆರಾದ ಮಾಡೆಲ್ ನಂಬರ್ ಫೋಟೋ ಹಾಕಿ, ನೋಡೋಣ.